ಯಾವ ಕಣಜ, ಅಜ್ಜೀ?

ಮಕ್ಕಳೇ, ಈ ವಾರ ಒಂದು ಮಾತು ತಂದಿಟ್ಟ ಫಜೀತಿಯ ಕಥೆ. ತಪ್ಪು ಯಾರದೂ ಅಲ್ಲ. ಆದರೆ ಅದರ ಫಲ ಉಂಡದ್ದು ಮಾತ್ರ ನಮ್ಮ ಅಕ್ಕನ ಮೊಮ್ಮಗನ ಎಡಗಿವಿ.

ಅಕ್ಕನ ಮನೆ ಇರುವುದು ದಾವಣಗೆರೆಗೂ ಹರಿಹರಕ್ಕೂ ನಡುವಿನ ಒಂದು ಹಳ್ಳಿಯಲ್ಲಿ. ಮಗ ಸೊಸೆ ದಾವಣಗೆರೆ ಪೇಟೆಯಲ್ಲಿದ್ದಾರೆ. ಮೊಮ್ಮಗ ಪುಟ್ಟ ನಾಲ್ಕನೇ ಕ್ಲಾಸು ಮುಗಿಸಿ ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಬಂದಿದ್ದ. ನಾನೂ ನಾಲ್ಕು ದಿನ ಇರೋಣ ಅಂತ ಹೋಗಿದ್ದೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿಂದು ಪುಟ್ಟ ಹಿತ್ತಲಿಗೆ ಹೊರಟ. ಅಕ್ಕ ಒಳಗಿನಿಂದಲೇ ಕೂಗಿ ಹೇಳಿದಳು:

"ಏ ತಮ್ಮಾ, ಕೊಟ್ಟಿಗೆ ಕಡೆ ಹೋಗಬ್ಯಾಡ. ಅಲ್ಲಿ ಕಣಜ ಐತಿ!"

ಪುಟ್ಟನಿಗೆ ಕಣಜ ಗೊತ್ತು. ಪಾಠದಲ್ಲಿ ಬಂದಿದೆ. ಕಣಜ ಅಂದರೆ ಧಾನ್ಯ ತುಂಬಿಡುವ ದೊಡ್ಡ ಬುಟ್ಟಿ ಅಥವಾ ಗೂಡು. ಪೇಪರಿನಲ್ಲಿ 'ಭತ್ತದ ಕಣಜ' ಅಂತ ಓದಿದ್ದಾನೆ. ನಿಜವಾದ ಕಣಜವನ್ನು ಅವನು ಕಣ್ಣಾರೆ ನೋಡಿರಲಿಲ್ಲ. 'ಕಾಳು ಚೆಲ್ಲುತ್ತೇನೆ ಅಂತ ಅಜ್ಜಿ ಬೇಡ ಅನ್ನುತ್ತಾಳೆ, ಇಣುಕಿ ನೋಡಿ ಬಂದರೆ ಏನಾಗುತ್ತೆ?' ಅಂದುಕೊಂಡ. ಕೊಟ್ಟಿಗೆಯ ಬಾಗಿಲು ದೂಡಿದ. ಬಾಗಿಲಿನ ಮೇಲಿನ ತೊಲೆಗೆ ಒಂದು ಕಂದು ಬಣ್ಣದ ಗೂಡು ಜೋತುಬಿದ್ದಿತ್ತು. ಬಾಗಿಲು ಅದಕ್ಕೆ ತಾಗಿತು.

ಆಮೇಲೆ ಕೇಳಿದ್ದು ಕೂಗು ಮಾತ್ರ. ಮೂರು ಕಡೆ ಕಚ್ಚಿತ್ತು. ಕಿವಿ ಊದಿ ಕೆಂಪಗೆ ಟೊಮ್ಯಾಟೊ ಆಗಿತ್ತು. ಅಕ್ಕ ಓಡಿ ಬಂದು, "ಅಲ್ಲೋ, ಕಣಜ ಐತಿ ಅಂತ ಹೇಳಿದ್ದೆ ಅಲ್ಲೇನೋ!" ಅಂದಳು.

ಪುಟ್ಟ ಅಳುತ್ತಲೇ ಕೇಳಿದ: "ಯಾವ ಕಣಜ, ಅಜ್ಜೀ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಹುಡುಕುತ್ತ ಹೋಗಿದ್ದೇ ಈ ವಾರದ ಅಂಕಣ.

ಮೊದಲು ಕಿವಿಯ ವಿಷಯ ಮುಗಿಸೋಣ. ಅಕ್ಕ ಸುಣ್ಣದ ಡಬ್ಬಿ ತಂದಳು. ಹಳೆಯ ವಾಡಿಕೆ. ನಾನು ಬೇಡ ಅಂದೆ, ಸುಣ್ಣ ಎಳೆಯ ಚರ್ಮವನ್ನು ಸುಡಬಹುದು. ಸೋಪು ನೀರಿನಲ್ಲಿ ತೊಳೆದು ತಣ್ಣೀರು ಬಟ್ಟೆ ಒತ್ತಿ ಹಿಡಿದೆವು. ಜೇನುಹುಳು ಕಚ್ಚಿದರೆ ಅದರ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಅದನ್ನು ತೆಗೆಯಬೇಕು. ಕಣಜದ ಮುಳ್ಳು ಹಾಗೆ ಉಳಿಯುವುದಿಲ್ಲ, ಅದಕ್ಕೇ ಒಂದೇ ಹುಳು ಎರಡು ಮೂರು ಸಲ ಚುಚ್ಚಬಲ್ಲದು. ದೊಡ್ಡವರಿಗೆ ಒಂದು ಮಾತು: ಕಚ್ಚಿದ ಮೇಲೆ ಉಸಿರಾಡಲು ಕಷ್ಟವಾದರೆ, ಮುಖ ತುಟಿ ಊದಿಕೊಂಡರೆ, ಮೈತುಂಬ ದದ್ದು ಎದ್ದರೆ, ತಲೆ ಸುತ್ತಿದರೆ ಅಥವಾ ಬಹಳ ಹುಳುಗಳು ಕಚ್ಚಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಪುಟ್ಟನ ಕಿವಿ ಸಂಜೆಯ ಹೊತ್ತಿಗೆ ಇಳಿಯಿತು. ಆದರೆ ಅವನ ಪ್ರಶ್ನೆ ಇಳಿಯಲಿಲ್ಲ.

ಕಾಳಿನ ಕಣಜ ಬೇರೆ, ಹುಳುವಿನ ಕಣಜ ಬೇರೆ. ಕನ್ನಡದಲ್ಲಿ ಮಾತು ಒಂದೇ, ಅರ್ಥ ಎರಡು. ಒಂದೇ ಮೂರ್ತಿಯಲ್ಲಿ ಹರಿಯೂ ಹರನೂ ಇರುವ ಹರಿಹರದ ಪಕ್ಕದವರಿಗೆ ಇದೇನು ಹೊಸದಲ್ಲ ಬಿಡಿ! ಹಿಂದಿನ ಮಕ್ಕಳಿಗೆ ಇದರಿಂದ ಗೊಂದಲ ಆಗುತ್ತಿರಲಿಲ್ಲ. ಮನೆಯಲ್ಲಿ ಬಿದಿರಿನ ಕಣಜ ಇರುತ್ತಿತ್ತು, ಊರಲ್ಲಿ ನೆಲದಡಿಯ ಹಗೇವು ಇರುತ್ತಿತ್ತು, ತೊಲೆಯಲ್ಲಿ ಹುಳುವಿನ ಕಣಜವೂ ಇರುತ್ತಿತ್ತು. ಅಜ್ಜಿ ಯಾವ ದನಿಯಲ್ಲಿ ಹೇಳಿದಳು ಅನ್ನುವುದರ ಮೇಲೇ ಯಾವ ಕಣಜ ಅಂತ ತಿಳಿಯುತ್ತಿತ್ತು. ಈಗ ಕಾಳು ಪ್ಲಾಸ್ಟಿಕ್ ಚೀಲದಲ್ಲಿದೆ. ಕಣಜ ಪುಸ್ತಕದಲ್ಲಿದೆ. ಹುಳುವನ್ನು ಪೇಟೆಯ ಮಕ್ಕಳು ಬರೀ 'ಹುಳ' ಅನ್ನುತ್ತಾರೆ, ಇಲ್ಲವೆ 'ಬೀ' ಅನ್ನುತ್ತಾರೆ.

ಅಷ್ಟರಲ್ಲಿ ಪಕ್ಕದ ಮನೆಯವರು ಕಿವಿ ನೋಡಲು ಬಂದರು. "ಕಡಜ ಹೊಡದೈತಿ ಬಿಡವ್ವ, ನಾಳಿಗೆ ಸರಿ ಹೋಗ್ತತಿ" ಅಂದರು. ಪುಟ್ಟನಿಗೆ ಮತ್ತೆ ಗೊಂದಲ. ಅಜ್ಜಿ ಕಣಜ ಅಂದಳು, ಇವರು ಕಡಜ ಅನ್ನುತ್ತಾರೆ. ಎರಡೂ ಸರಿ. ಎರಡೂ ಹಳೆಯ ಮಾತುಗಳೇ, ನಿಘಂಟಿನಲ್ಲಿ ಎರಡಕ್ಕೂ ಜಾಗ ಇದೆ. ನಮ್ಮ ಜಿಲ್ಲೆಯಲ್ಲಿ ಹೀಗೆ ಮಾತು ಬೆರೆಯುವುದು ಸಹಜ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಮೂರೂ ಜಿಲ್ಲೆಗಳಿಂದ ತಾಲ್ಲೂಕುಗಳು ಬಂದು ಸೇರಿದವು. ತುಂಗಭದ್ರೆ ದಾಟಿದರೆ ಹಾವೇರಿ ಸೀಮೆ. ಸಂತೆಯಲ್ಲಿ ಮೆಣಸಿನಕಾಯಿಯ ಜೊತೆ ಮಾತೂ ಮಾರಾಟವಾಗುತ್ತದೆ.

ಇನ್ನೂ ಸ್ವಲ್ಪ ದೂರ ಹೋಗೋಣ. ಕಾಸರಗೋಡಿನ ಕನ್ನಡದ ಮಕ್ಕಳನ್ನು ಕೇಳಿ, ಮಲಯಾಳದಲ್ಲಿ ಇದಕ್ಕೆ ಕಡನ್ನಲ್ ಅನ್ನುತ್ತಾರೆ. ತಮಿಳಿನಲ್ಲಿ ಕುಳವಿ ಅಂತ ಒಂದು ಹೆಸರು, ಕಡಂದೈ ಅಂತ ಇನ್ನೊಂದು. ಕಡಜ, ಕಡನ್ನಲ್, ಕಡಂದೈ ಮೂರನ್ನೂ ಒಂದು ಸಾಲಿನಲ್ಲಿ ಬರೆದು ಗಟ್ಟಿಯಾಗಿ ಓದಿ. ಒಂದೇ ಮನೆಯ ಅಣ್ಣತಮ್ಮಂದಿರ ಮುಖದ ಹಾಗಿಲ್ಲವೆ? ತೆಲುಗಿನಲ್ಲಿ ಕಂದಿರೀಗ. ಅದರ ಕೊನೆಯ 'ಈಗ' ಅಂದರೆ ನೊಣ. ಸುದೀಪ್ ಇದ್ದ 'ಈಗ' ಸಿನಿಮಾ ನೋಡಿದ್ದರೆ ನಿಮಗೇ ಗೊತ್ತು. ಮರಾಠಿಯವರು ಗಾಂಧೀಲಮಾಶಿ ಅನ್ನುತ್ತಾರೆ. ಸಂಸ್ಕೃತದ ಅಮರಕೋಶದಲ್ಲಿ ಗಂಧೋಲೀ, ವರಟಾ ಎಂಬ ಹೆಸರುಗಳಿವೆ. ಗಾಂಧೀಲಕ್ಕೂ ಗಂಧೋಲಿಗೂ ಎಷ್ಟು ಹತ್ತಿರ ನೋಡಿ. ಹಿಂದಿಯಲ್ಲಿ ತತೈಯಾ. ಇಂಗ್ಲಿಷಿನ ವಾಸ್ಪ್ ಎಂಬ ಮಾತಿನ ಬೇರು 'ನೇಯುವುದು' ಎಂಬ ಅರ್ಥದ್ದು ಅಂತ ಭಾಷೆಯ ಪಂಡಿತರು ಹೇಳುತ್ತಾರೆ. ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ಕೂತು ಇದನ್ನು ಓದಲು ಚೆಂದ, ಅಲ್ಲವೆ?

ಮರುದಿನ ಬೆಳಿಗ್ಗೆ ಪುಟ್ಟನ ಅಪ್ಪ ಊರಿಗೆ ಬಂದ. ಮಗನ ಕಿವಿ ನೋಡಿ ಸಿಟ್ಟು ಬಂತು.

"ಅವ್ವಾ, ರವಿವಾರ ರಾತ್ರಿ ಪಂಜು ಹಚ್ಚಿ ಎಲ್ಲಾ ಗೂಡೂ ಸುಟ್ಟು ಹಾಕಿಬಿಡ್ತೀನಿ. ಮನಿ ತುಂಬ ಇದೇ ಆತಲ್ಲ! ಜಗಲಿ ಗೋಡೆ ಮೇಲೂ ಐತಿ, ಕಿಟಕಿ ಮೂಲ್ಯಾಗೂ ಐತಿ."

ಅಕ್ಕ ನಿಧಾನಕ್ಕೆ ಹೇಳಿದಳು: "ಕೊಟ್ಟಿಗೇದು ಕಣಜ. ಗೋಡೆ ಮ್ಯಾಲಿಂದು ಕುಂಬಾರ ಹುಳ. ಅದರ ಪಾಡಿಗೆ ಅದು ಇರ್ತತಿ. ಅದ್ಯಾಕೆ ಸುಡ್ತೀಯೋ?"

ಮಕ್ಕಳೇ, ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ಇಂಜಿನಿಯರಿಂಗ್ ಓದಿದ ಮಗನಿಗೆ ಎರಡೂ 'ಅದೇ ಹುಳ'. ಶಾಲೆ ಬಿಟ್ಟು ಅರವತ್ತು ವರ್ಷ ಆದ ಅಜ್ಜಿಗೆ ಎರಡು ಬೇರೆ ಹೆಸರು, ಎರಡು ಬೇರೆ ಬಾಳು. ಯಾವುದರಿಂದ ದೂರ ಇರಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಅನ್ನುವುದು ಆ ಹೆಸರಿನಲ್ಲೇ ಇದೆ.

ಪುಟ್ಟನನ್ನು ಕರೆದುಕೊಂಡು ಜಗಲಿ ಗೋಡೆಯ ಹತ್ತಿರ ಕೂತೆ. ಬಚ್ಚಲಿನ ನೀರು ಹರಿಯುವ ಕಡೆ ಒಂದು ಹುಳು ಕೆಸರಿನ ಮೇಲೆ ಇಳಿಯಿತು. ಸೊಂಟ ಎಷ್ಟು ಸಣ್ಣ ಅಂದರೆ ದಾರದಂತೆ! ಬಾಯಲ್ಲಿ ಒಂದು ಮಣ್ಣಿನ ಉಂಡೆ ಮಾಡಿ ಹಾರಿತು. ಗೋಡೆಗೆ ಅಂಟಿಸಿ, ತಟ್ಟಿ, ತೀಡಿ, ಮತ್ತೆ ಮಣ್ಣಿಗೆ ಹೊರಟಿತು. ಇಂಗ್ಲಿಷಿನವರೂ ಇದರ ಒಂದು ಜಾತಿಗೆ ಕುಂಬಾರ ಎಂದೇ ಅರ್ಥ ಬರುವ ಹೆಸರಿಟ್ಟಿದ್ದಾರೆ. ಮರಾಠಿಯವರು ಕುಂಭಾರೀಣ ಅನ್ನುತ್ತಾರೆ, ಅಂದರೆ ಕುಂಬಾರಗಿತ್ತಿ. ಮರಾಠಿಯವರದೇ ಹೆಚ್ಚು ಸರಿ. ಏಕೆಂದರೆ ಗಡಿಗೆ ಕಟ್ಟುವುದು ಹೆಣ್ಣು ಹುಳು ಮಾತ್ರ. ಚುಚ್ಚುವುದೂ ಹೆಣ್ಣೇ. ಮೊಟ್ಟೆಯಿಡುವ ಅಂಗವೇ ಬದಲಾಗಿ ಮುಳ್ಳಾಗಿದೆ, ಹಾಗಾಗಿ ಗಂಡಿಗೆ ಮುಳ್ಳೇ ಇಲ್ಲ.

ಕುಂಬಾರ ಹುಳುಗಳಲ್ಲೂ ಎರಡು ಬಗೆ ಇದೆ. ಒಂದು, ಕಂಠ ಇರುವ ಪುಟ್ಟ ಗಡಿಗೆಯನ್ನೇ ಮಾಡುತ್ತದೆ. ಒಳಗೆ ಚಾವಣಿಯಿಂದ ಒಂದು ಎಳೆಯಲ್ಲಿ ತನ್ನ ಮೊಟ್ಟೆಯನ್ನು ತೂಗುಬಿಡುತ್ತದೆ. ಆಮೇಲೆ ಎಲೆ ತಿನ್ನುವ ಹಸಿರು ಹುಳುಗಳನ್ನು ಹಿಡಿದು, ಚುಚ್ಚಿ, ಅಲುಗಾಡದಂತೆ ಮಾಡಿ ತಂದು ತುಂಬುತ್ತದೆ. ಕೊಲ್ಲುವುದಿಲ್ಲ. ಸತ್ತರೆ ಕೊಳೆಯುತ್ತದಲ್ಲ! ಮರಿಗೆ ಬೇಕಾದದ್ದು ತಾಜಾ ಊಟ. ಇನ್ನೊಂದು ಬಗೆಯದು ಉದ್ದುದ್ದ ಕೋಣೆಗಳನ್ನು ಸಾಲಾಗಿ ಕಟ್ಟಿ, ಮೇಲೆ ಮಣ್ಣು ಮೆತ್ತುತ್ತದೆ. ಇದು ತುಂಬುವುದು ಜೇಡಗಳನ್ನು ಮಾತ್ರ. ಕಿಟಕಿ ಮೂಲೆಯ ಒಂದು ಹಳೆಯ ಗೂಡಿನಲ್ಲಿ ತೂತು ಇತ್ತು. ಮರಿ ಬೆಳೆದು ಹಾರಿಹೋಗಿದೆ ಅನ್ನುವುದಕ್ಕೆ ಅದೇ ಗುರುತು. ಅಂಥ ಖಾಲಿ ಗೂಡನ್ನು ಬೇಕಾದರೆ ಕೆರೆದು ತೆಗೆಯಬಹುದು. ತೂತಿಲ್ಲದಿದ್ದರೆ ಒಳಗೆ ಯಾರೋ ಮಲಗಿದ್ದಾರೆ.

ಕುಂಬಾರ ಹುಳು ಒಂಟಿ. ಕಾವಲು ಕಾಯುವ ಸೈನ್ಯ ಅದಕ್ಕಿಲ್ಲ. ಕೈಯಲ್ಲಿ ಹಿಡಿದರೆ ಚುಚ್ಚೀತು, ಆದರೆ ತಾನಾಗಿ ಅಟ್ಟಿಸಿಕೊಂಡು ಬರುವುದು ಅದರ ಸ್ವಭಾವವಲ್ಲ. ಅಕ್ಕನ 'ಅದರ ಪಾಡಿಗೆ ಅದು ಇರ್ತತಿ' ಎಂಬ ಮಾತಿಗೆ ಇದೇ ಅರ್ಥ.

ಅದೇ ಮಧ್ಯಾಹ್ನ ಎಲ್ಲರೂ ಹರಿಹರಕ್ಕೆ ಹೋದೆವು. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ ಅದು. ತಿರುಗಣಿ ಹಿಡಿದಂತೆ ನುಣ್ಣಗಿರುವ ಕಂಬಗಳನ್ನು ತೋರಿಸುತ್ತಿದ್ದೆ. ಪುಟ್ಟನ ಕಣ್ಣು ಕಂಬದ ಮೇಲಿಲ್ಲ, ಮೇಲಿನ ಒಂದು ಸಂದಿಯಲ್ಲಿತ್ತು. "ಸಣ್ಣಜ್ಜೀ, ಅಲ್ಲೂ ಕುಂಬಾರ ಹುಳ!" ಅಂದ. ನಿಜ, ಒಂದು ಮಣ್ಣಿನ ಮುದ್ದೆ ಅಲ್ಲಿ ಅಂಟಿಕೊಂಡಿತ್ತು. ಹೆಸರು ಗೊತ್ತಾದ ಮೇಲೆ ಕಣ್ಣು ತಾನಾಗಿ ಹುಡುಕುತ್ತದೆ. ಹಿಂದಿನ ದಿನದವರೆಗೂ ಅದು ಅವನಿಗೆ ಬರೀ ಕೊಳಕು.

ದೇವಸ್ಥಾನದ ಕಟ್ಟೆಯ ಮೇಲೆ ಕೂತಾಗ ಇನ್ನೊಂದು ಹೆಸರು ಹೇಳಿದೆ: ಕುಂಡಲಿಗ. ಇದು ಇಂದಿನ ಆಡುಮಾತಿನಲ್ಲಿ ಅಪರೂಪ, ಆದರೆ ಶರಣರ ವಚನಗಳಲ್ಲಿ ಬರುತ್ತದೆ. ಕುಂಡಲಿಗ ಒಂದು ಕೀಡೆಯನ್ನು, ಅಂದರೆ ಹುಳುವನ್ನು, ತಂದು ಗೂಡಿನಲ್ಲಿಟ್ಟು ತನ್ನಂತೆಯೇ ಮಾಡಿಕೊಳ್ಳುತ್ತದೆ; ಹಾಗೆಯೇ ಗುರು ಶಿಷ್ಯನನ್ನು ತನ್ನಂತೆ ಮಾಡುತ್ತಾನೆ, ಭಕ್ತ ದೇವರನ್ನೇ ನೆನೆದು ದೇವರಂತಾಗುತ್ತಾನೆ ಎಂಬ ಹೋಲಿಕೆ ಅದು. ಸಂಸ್ಕೃತದಲ್ಲಿ ಇದನ್ನೇ ಭ್ರಮರ-ಕೀಟ ನ್ಯಾಯ ಅನ್ನುತ್ತಾರೆ.

ಪುಟ್ಟ ಯೋಚಿಸಿ ಕೇಳಿದ: "ಆದ್ರೆ ಸಣ್ಣಜ್ಜೀ, ಹಸಿರು ಹುಳ ಕಣಜ ಆಗೋದಿಲ್ಲಲ್ಲ? ಅದನ್ನ ಮರಿ ತಿಂದುಬಿಡ್ತತಲ್ಲ?"

ಸರಿಯಾದ ಪ್ರಶ್ನೆ. ಹಿಂದಿನವರು ಕಂಡದ್ದು ಸುಳ್ಳಲ್ಲ. ಹಸಿರು ಹುಳು ಒಳಗೆ ಹೋದದ್ದು ಕಂಡರು. ಬಾಗಿಲು ಮುಚ್ಚಿದ್ದು ಕಂಡರು. ಕೆಲವು ವಾರದ ಮೇಲೆ ಕಣಜ ಹೊರಬಂದದ್ದು ಕಂಡರು. ನಡುವೆ ಮುಚ್ಚಿದ ಗಡಿಗೆಯೊಳಗೆ ನಡೆದದ್ದು ಮಾತ್ರ ಕಾಣಲಿಲ್ಲ. ಅದನ್ನು ಒಡೆದು ನೋಡಿ ವಿವರವಾಗಿ ಬರೆದವರಲ್ಲಿ ಫ್ರಾನ್ಸಿನ ಶಾಲಾ ಮೇಷ್ಟರು ಫ್ಯಾಬ್ರ್ ಒಬ್ಬರು. ದಾರದಲ್ಲಿ ತೂಗುವ ಮೊಟ್ಟೆಯನ್ನು ವರ್ಣಿಸಿದವರು ಅವರೇ. 1879ರಿಂದ 1907ರವರೆಗೆ ಕೀಟಗಳ ಬಗ್ಗೆ ಹತ್ತು ಸಂಪುಟ ಬರೆದರು. ಹೊರಬರುವುದು ಹಸಿರು ಹುಳುವಲ್ಲ, ಅದನ್ನು ಉಂಡು ಬೆಳೆದ ಕಣಜದ ಮಗು. ಹಾಗೆಂದು ವಚನದ ಹೋಲಿಕೆ ಕೆಡುವುದಿಲ್ಲ. ವಚನಕಾರರು ಹೇಳಹೊರಟದ್ದು ಮನುಷ್ಯನ ವಿಷಯ, ಹುಳುವಿನ ಶಾಸ್ತ್ರವಲ್ಲ. ಹೆಸರು ನಮ್ಮ ಕಣ್ಣನ್ನು ಗೂಡಿನ ಬಾಗಿಲವರೆಗೆ ತಂದು ಬಿಡುತ್ತದೆ. ಬಾಗಿಲು ತೆಗೆದು ನೋಡುವುದು ನಮ್ಮ ಕೆಲಸ.

ಹೊಳೆಯ ದಡಕ್ಕೆ ಇಳಿದಾಗ ಒಂದು ಅತ್ತಿಮರ ಸಿಕ್ಕಿತು. ಕೆಳಗೆ ಹಣ್ಣು ಬಿದ್ದಿದ್ದವು. 'ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ' ಎಂಬ ಗಾದೆ ನೀವೂ ಕೇಳಿರಬಹುದು. ಹೊರಗೆ ಚೆಂದ, ಒಳಗೆ ಹುಳುಕು ಅಂತ ಬೈಯಲು ಅದನ್ನು ಬಳಸುತ್ತಾರೆ. ಆದರೆ ಆ ಹುಳುಗಳಲ್ಲಿ ಅತ್ತಿಯ ಪರಮ ಸ್ನೇಹಿತರೂ ಇದ್ದಾರೆ. ಅವೂ ಒಂದು ಬಗೆಯ ಕಣಜವೇ, ಸಾಸಿವೆ ಕಾಳಿನಷ್ಟು ಸಣ್ಣವು. ಅತ್ತಿಯ ಹೂವನ್ನು ಕಂಡವರಿಲ್ಲ ಅನ್ನುತ್ತಾರಲ್ಲ? ಹೂಗಳೆಲ್ಲ ಕಾಯಿಯ ಒಳಗೇ ಇವೆ. ಹೆಣ್ಣು ಕಣಜ ಕಾಯಿಯ ತುದಿಯ ಸಣ್ಣ ಕಣ್ಣಿನಲ್ಲಿ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಮುರಿಯುತ್ತದೆ. ಮೈಗೆ ಅಂಟಿದ ಪರಾಗವನ್ನು ಹೂಗಳಿಗೆ ತಲುಪಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮರಿಗಳು ಬೆಳೆದ ಮೇಲೆ ರೆಕ್ಕೆಯಿಲ್ಲದ ಗಂಡುಗಳು ಗೋಡೆ ಕೊರೆದು ದಾರಿ ಮಾಡಿಕೊಡುತ್ತವೆ. ಹೆಣ್ಣುಗಳು ಪರಾಗ ಹೊತ್ತು ಬೇರೆ ಮರಕ್ಕೆ ಹಾರುತ್ತವೆ. ಈ ಕಣಜ ಇಲ್ಲದಿದ್ದರೆ ಅತ್ತಿಯಲ್ಲಿ ಬೀಜ ಕಟ್ಟದು. ಹಕ್ಕಿ, ಬಾವಲಿ, ಅಳಿಲುಗಳ ಊಟಕ್ಕೂ ಕುತ್ತು. ಇನ್ನು ಮುಂದೆ ಗಾದೆ ಹೇಳುವಾಗ ಸ್ವಲ್ಪ ಮೆಲ್ಲಗೆ ಹೇಳೋಣ.

ದಡದಲ್ಲಿ ನಿಂತು ಪುಟ್ಟ ಆಚೆ ಕುಮಾರಪಟ್ಟಣದ ಕಡೆ ಹೊಗೆಯಾಡುವ ಕೊಳವೆ ತೋರಿಸಿ ಏನೆಂದು ಕೇಳಿದ. ಮರವನ್ನು ಅರೆದು ತಿರುಳು ಮಾಡುವ ಕಾರ್ಖಾನೆ ಅಂತ ಅವನ ಅಪ್ಪ ಹೇಳಿದ. ನನಗೆ ಕೊಟ್ಟಿಗೆಯ ಕಣಜ ನೆನಪಾಯಿತು. ಅದು ಮಾಡುವುದೂ ಇದೇ! ಹಳೆಯ ತೊಲೆ, ಒಣಗಿದ ಕಡ್ಡಿಯನ್ನು ಹಲ್ಲಿನಿಂದ ಕೆರೆದು, ಜೊಲ್ಲಿನಲ್ಲಿ ಕಲಸಿ, ತೆಳ್ಳಗೆ ತೀಡಿ ಗೂಡು ಕಟ್ಟುತ್ತದೆ. ಆ ಗೂಡು ಮಣ್ಣಲ್ಲ, ಮೇಣವೂ ಅಲ್ಲ, ಕಾಗದ. ಯುರೋಪಿನಲ್ಲಿ ಕಾಗದಕ್ಕೆ ಹರಕು ಬಟ್ಟೆ ಸಾಲದೆ ಹೋದಾಗ, ರೇಮ್ಯೂರ್ ಎಂಬ ಫ್ರೆಂಚ್ ವಿಜ್ಞಾನಿ 1719ರಲ್ಲಿ ಕಣಜದ ಗೂಡನ್ನು ತೋರಿಸಿ 'ಮರದಿಂದಲೇ ಕಾಗದ ಮಾಡಬಹುದಲ್ಲ' ಎಂದಿದ್ದರು. ನೀವು ಕೈಯಲ್ಲಿ ಹಿಡಿದಿರುವ ಈ ಪುಟದ ಹಿಂದಿನ ಗುರುಗಳಲ್ಲಿ ಕಣಜವೂ ಒಂದು.

ಈ ಕಾಗದದ ಕಣಜಗಳು ಕುಂಬಾರ ಹುಳುವಿನಂತೆ ಒಂಟಿಯಲ್ಲ, ಕೂಡು ಕುಟುಂಬ. ಇಂಥದೇ ಒಂದು ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ರಾಘವೇಂದ್ರ ಗದಗಕರ್ ಹತ್ತಾರು ವರ್ಷ ಅಧ್ಯಯನ ಮಾಡಿದ್ದಾರೆ. ಅದರ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ಅವರೂ ಅವರ ವಿದ್ಯಾರ್ಥಿಗಳೂ ಒಂದೊಂದು ಕಣಜದ ಮೈಗೂ ಬಣ್ಣದ ಚುಕ್ಕೆ ಇಟ್ಟು, ಯಾರು ಏನು ಮಾಡುತ್ತಾರೆ ಅಂತ ಗೂಡಿನ ಮುಂದೆ ಕೂತು ಬರೆದುಕೊಂಡರು. ಕಂಡದ್ದು ಬೆರಗಿನದು. ಅಲ್ಲಿನ ರಾಣಿ ಜಗಳಗಂಟಿಯಲ್ಲ, ಬಹಳ ಸಾಧು. ಆದರೆ ರಾಣಿಯನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಒಂದು ಕೆಲಸಗಾತಿ ಎದ್ದು ಎಲ್ಲರ ಮೇಲೂ ರೇಗತೊಡಗುತ್ತದೆ. ಮುಂದಿನ ರಾಣಿ ಅದೇ. ಪಟ್ಟ ಗಟ್ಟಿಯಾದ ಮೇಲೆ ಅದೂ ಸಾಧುವಾಗುತ್ತದೆ! ಈ ಅಧ್ಯಯನದ ಅವರ ಪುಸ್ತಕ 2001ರಲ್ಲಿ ಬಂತು. ನಾವು ಪಂಜು ಹಿಡಿದು ನಿಲ್ಲುವ ಗೂಡಿನ ಮುಂದೆ ಅವರು ಪೆನ್ನು ಹಿಡಿದು ಕೂತರು.

ಹಾಗೆಂದು ಕೊಟ್ಟಿಗೆ ಬಾಗಿಲಿನ ಗೂಡಿನ ಜೊತೆ ಸರಸ ಬೇಡ. ಅಲ್ಲಿ ಮರಿಗಳಿವೆ. ಗೂಡು ಅಲುಗಿದರೆ ಅವು ಏಳುವುದು ಮನೆ ಕಾಯಲು. ಮಕ್ಕಳು ಓಡಾಡುವ ಜಾಗದಲ್ಲಿ ಗೂಡಿದ್ದರೆ ದೊಡ್ಡವರಿಗೆ ಹೇಳಬೇಕು, ಗೊತ್ತಿರುವವರನ್ನು ಕರೆಸಬೇಕು. ಕಲ್ಲು ಹೊಡೆಯುವುದು, ಕೋಲಿನಿಂದ ತಿವಿಯುವುದು ಎಂದೂ ಬೇಡ. ಹುಲ್ಲಿನ ಬಣವೆ ಪಕ್ಕದಲ್ಲಿ ಪಂಜು ಹಚ್ಚುವುದಂತೂ ಕಣಜಕ್ಕಿಂತ ದೊಡ್ಡ ಅಪಾಯ.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ಇನ್ನೊಂದು ಮಾತು ಹೇಳಿದಳು. "ಹೊಲದಾಗ ಕಣಜ ಹಾರಾಡಿದ್ರೆ ನಿಮ್ಮ ಅಜ್ಜ ಓಡಿಸ್ತಿರಲಿಲ್ಲ. ಹುಳ ಹಿಡಿಯಾಕ ಬಂದಾವ, ಬಿಡು ಅಂತಿದ್ರು." ಈ ಮಾತಿನ ಬೆಲೆ ದಾವಣಗೆರೆ ರೈತರಿಗೆ ಚೆನ್ನಾಗಿ ಗೊತ್ತು. ನಮ್ಮದು ಮೆಕ್ಕೆಜೋಳದ ಜಿಲ್ಲೆ. 2018ರಲ್ಲಿ ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು ಪಕ್ಕದ ಶಿವಮೊಗ್ಗದಲ್ಲೇ. ಮೆಕ್ಕೆಜೋಳದ ಸುಳಿಯನ್ನೇ ತಿಂದುಹಾಕುವ ಹುಳು ಅದು. ಅದರ ವಿರುದ್ಧ ವಿಜ್ಞಾನಿಗಳು ತಂದ ಆಯುಧಗಳಲ್ಲಿ ಕಣಜವೂ ಒಂದು. ಟ್ರೈಕೋಗ್ರಾಮ ಅಂತ ಅದರ ಹೆಸರು. ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಅದು ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ, ಹುಳು ಹುಟ್ಟುವ ಮೊದಲೇ ಮುಗಿಯುತ್ತದೆ. ಕಾರ್ಡಿನ ಮೇಲೆ ಅಂಟಿಸಿದ ಇಂಥ ಮೊಟ್ಟೆಗಳನ್ನು ರೈತರು ಎಲೆಗೆ ಸಿಕ್ಕಿಸಿ ಬರುತ್ತಾರೆ. ಈ ಪುಟಾಣಿಗೆ ಅಜ್ಜ ಅಜ್ಜಿಯರು ಇಟ್ಟ ಹೆಸರಿಲ್ಲ. ಬರಿಗಣ್ಣಿಗೆ ಧೂಳಿನ ಕಣದಂತೆ ಕಾಣುವುದಕ್ಕೆ ಯಾರು ಹೆಸರಿಡಬೇಕು? ನೀವೇ ಇಡಬೇಕು.

ಪುಟ್ಟನ ಅಪ್ಪ ಎಲ್ಲ ಕೇಳಿಸಿಕೊಂಡ. "ಸರಿ ಚಿಕ್ಕಮ್ಮ, ಗೋಡೆಯವನ್ನ ಬಿಡ್ತೀನಿ. ಕೊಟ್ಟಿಗೇದು ಮಾತ್ರ ಇರಬಾರದು. ರವಿವಾರ ಗೊತ್ತಿದ್ದವರನ್ನ ಕರಸ್ತೀನಿ" ಅಂದ. ಅದು ನ್ಯಾಯವೇ. ಅಲ್ಲಿವರೆಗೆ ಕೊಟ್ಟಿಗೆಯ ಆ ಬಾಗಿಲು ಬಂದ್, ಹಿಂದಿನ ಬಾಗಿಲಿನಿಂದ ಓಡಾಟ ಅಂತ ತೀರ್ಮಾನವಾಯಿತು.

ಶನಿವಾರ ಬೆಳಿಗ್ಗೆ ಪುಟ್ಟ ದೂರದ ಕಟ್ಟೆಯಿಂದಲೇ ಕೂಗಿದ. ಗೂಡಿನ ಮೇಲೆ ಒಂದು ಹೊಸ ಹುಳು ಬಂದಿತ್ತು. ದೊಡ್ಡದು, ಕಪ್ಪು ಬಣ್ಣ, ಹೊಟ್ಟೆಯ ಸುತ್ತ ಅಗಲವಾದ ಒಂದು ಹಳದಿ ಪಟ್ಟಿ. ಇದೂ ಕಣಜದ ಜಾತಿಯದೇ, ಸಣ್ಣ ಕಣಜಗಳ ಗೂಡು ಲೂಟಿ ಮಾಡುವುದು ಇದರ ಕಸುಬು. ವಿಜ್ಞಾನದಲ್ಲಿ ವೆಸ್ಪಾ ಟ್ರಾಪಿಕಾ. ಪುಟ್ಟನ ಕಿವಿ ಊದಿಸಿದ ಶೂರರೆಲ್ಲ ಗೂಡು ಬಿಟ್ಟು ಗೋಡೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದವು. ದೊಡ್ಡ ಹುಳು ಒಂದೊಂದೇ ಕೋಣೆಗೆ ತಲೆ ಹಾಕಿ ಮರಿಗಳನ್ನು ಎಳೆದು ಒಯ್ಯುತ್ತಿತ್ತು. ಮಧ್ಯಾಹ್ನಕ್ಕೆ ಗೂಡು ಖಾಲಿ. ರವಿವಾರ ಯಾರನ್ನೂ ಕರೆಸುವ ಕೆಲಸ ಉಳಿಯಲಿಲ್ಲ.

ಪುಟ್ಟ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಪಾಪ ಸಣ್ಣಜ್ಜೀ" ಅಂದ. ಮೂರು ಕಡೆ ಕಚ್ಚಿಸಿಕೊಂಡವನ ಬಾಯಲ್ಲಿ ಆ ಮಾತು! ಆಮೇಲೆ ಅಜ್ಜಿಯ ಕಡೆ ತಿರುಗಿದ.

"ಅಜ್ಜೀ, ಆ ದೊಡ್ಡದಕ್ಕೆ ಏನಂತಾರೆ?"

"ಅದೂ ಕಣಜನೇ ಕಣಪ್ಪ. ದೊಡ್ಡ ಕಣಜ."

"ಅಲ್ಲ. ಅದು ಬೆಲ್ಟಿನ ಕಣಜ" ಅಂದ ಪುಟ್ಟ.

ಅಕ್ಕ ನಕ್ಕಳು. ಮರುದಿನ ಪಕ್ಕದ ಮನೆಯವರಿಗೆ ಕಥೆ ಹೇಳುವಾಗ ಅವಳ ಬಾಯಲ್ಲೂ 'ಬೆಲ್ಟಿನ ಕಣಜ' ಎಂದೇ ಬಂತು. ನೋಡಿದಿರಾ? ಹೆಸರು ಹುಟ್ಟುವುದು ಹೀಗೇ. ಒಬ್ಬರು ಚೆನ್ನಾಗಿ ನೋಡಬೇಕು, ನೋಡಿದ್ದನ್ನು ಒಂದು ಮಾತಿನಲ್ಲಿ ಹೇಳಬೇಕು, ಇನ್ನೊಬ್ಬರು ಅದನ್ನು ನಂಬಿ ಬಳಸಬೇಕು. ಕುಂಬಾರ ಹುಳು ಎಂಬ ಹೆಸರೂ ಎಂದೋ ಯಾವುದೋ ಜಗಲಿಯಲ್ಲಿ ಹೀಗೇ ಹುಟ್ಟಿರಬೇಕು.

ಈ ವಾರದ ಕೆಲಸ ಇಷ್ಟು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆಯಿರಿ. ಮೊದಲ ಮನೆಯಲ್ಲಿ, ನಿಮ್ಮ ಅಜ್ಜ ಅಜ್ಜಿ ಕಣಜಕ್ಕೆ ಏನನ್ನುತ್ತಾರೆ ಬರೆಯಿರಿ. ಮನೆಮಾತು ಕನ್ನಡವೇ ಆಗಬೇಕಿಲ್ಲ; ಉರ್ದು, ತೆಲುಗು, ಮರಾಠಿ, ಲಂಬಾಣಿ, ತುಳು ಯಾವುದಾದರೂ ಸರಿ. ಎರಡನೆಯದರಲ್ಲಿ, ಅದು ಎಲ್ಲಿ ಗೂಡು ಕಟ್ಟುತ್ತದೆ, ಮಣ್ಣೋ ಕಾಗದವೋ ಬರೆಯಿರಿ. ಮೂರನೆಯದರಲ್ಲಿ, ಅದು ಏನನ್ನು ಹೊತ್ತು ತರುತ್ತದೆ ಬರೆಯಿರಿ. ನಾಲ್ಕು ಹೆಜ್ಜೆ ದೂರದಿಂದ ನೋಡಿ, ಕೈ ಹಿಂದೆ ಕಟ್ಟಿಕೊಂಡು ನೋಡಿ. ಹೆಸರು ಸಿಗದ ಹುಳು ಕಂಡರೆ ನೀವೇ ಒಂದಿಡಿ. ಬರೆದದ್ದನ್ನು ನಮಗೂ ಕಳಿಸಿ.

ಅಂದಹಾಗೆ, ಹೊರಡುವ ದಿನ ಅಕ್ಕ ಅಟ್ಟದ ಮೂಲೆಯಿಂದ ಒಂದು ಹಳೆಯ ಬಿದಿರಿನ ಬುಟ್ಟಿ ಇಳಿಸಿದಳು. ಪುಟ್ಟನ ಎದೆಯಷ್ಟು ಎತ್ತರ, ಸೆಗಣಿ ಸಾರಿಸಿದ ಗುರುತು ಇನ್ನೂ ಇತ್ತು.

"ತಗಾ ತಮ್ಮಾ, ನೋಡು. ನೀನು ನೋಡಬೇಕಂದಿದ್ದ ಕಣಜ ಇದು."

ಪುಟ್ಟ ಹತ್ತಿರ ಹೋದ. ಒಳಗೆ ಇಣುಕುವ ಮೊದಲು ಒಂದು ಗಳಿಗೆ ನಿಂತು, ಮೇಲೆ ತೊಲೆಯ ಕಡೆ ಒಮ್ಮೆ ನೋಡಿಕೊಂಡ.